ಜೋಳದ ಬೆಂಡಿಗೆ ಬೆಲೆ ಬಂದ ವರ್ಷ

2006ರ ನವೆಂಬರಿನಲ್ಲಿ ನಾನು ಕೊಯಮತ್ತೂರಿನ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಕ್ಷೇತ್ರ ಸಹಾಯಕಿಯಾಗಿದ್ದೆ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಹೊಸ ವಿದ್ಯುತ್ ಸ್ಥಾವರ ಕಟ್ಟಲು ಹೊರಟವರಿಗೆ, ಅವರು ಆರಿಸಿದ ಜಾಗದಲ್ಲಿ ಸಾಕಷ್ಟು ಇಂಧನ ಸಿಗುತ್ತದೆಯೇ ಎಂದು ನೋಡಿ ವರದಿ ಕೊಡುವುದು ನಮ್ಮ ಕೆಲಸ. ತಾಳವಾಡಿ ಬೆಟ್ಟದ ಹಳ್ಳಿಗಳ ಸಮೀಕ್ಷೆಗೆ ನನ್ನನ್ನು ಕಳಿಸಿದ್ದಕ್ಕೆ ಕಾರಣ ಸರಳ. ಈರೋಡು ಜಿಲ್ಲೆಗೆ ಸೇರಿದ್ದರೂ ಅಲ್ಲಿಯವರ ಮನೆಮಾತು ಕನ್ನಡ. ಆಫೀಸಿನಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

ಆ ವರ್ಷಗಳಲ್ಲಿ ದೇಶದ ವಿದ್ಯುತ್ತಿನ ಮೂಲಗಳು ಬದಲಾಗತೊಡಗಿದ್ದವು. ಕಲ್ಲಿದ್ದಲೇ ಹೆಚ್ಚಿನ ಪಾಲು ಕೊಡುತ್ತಿದ್ದರೂ, 2003ರ ವಿದ್ಯುತ್ ಕಾಯ್ದೆ ಒಂದು ಹೊಸ ಮಾತು ಹೇಳಿತ್ತು: ವಿದ್ಯುತ್ ಹಂಚುವ ಸಂಸ್ಥೆಗಳು ತಮ್ಮ ಖರೀದಿಯಲ್ಲಿ ಒಂದು ಪಾಲನ್ನು ಗಾಳಿ, ಬಿಸಿಲು, ಕೃಷಿ ತ್ಯಾಜ್ಯದಂಥ ಮೂಲಗಳಿಂದ ಕೊಳ್ಳಬೇಕು, ಆ ಪಾಲು ಎಷ್ಟೆಂದು ಆಯಾ ರಾಜ್ಯದ ನಿಯಂತ್ರಣ ಆಯೋಗ ನಿಗದಿ ಮಾಡಬೇಕು. ತಮಿಳುನಾಡಿನಲ್ಲಿ ಗಾಳಿಯಂತ್ರಗಳಿಗೆ ಬರವಿರಲಿಲ್ಲ. ಆದರೆ ಗಾಳಿ ಜೋರಾಗಿ ಬೀಸುವುದು ವರ್ಷದ ಕೆಲವೇ ತಿಂಗಳು. ಕೃಷಿ ತ್ಯಾಜ್ಯ ಉರಿಸುವ ಬಯೋಮಾಸ್ ಸ್ಥಾವರವಾದರೆ ಇಂಧನ ಇರುವವರೆಗೂ ಓಡುತ್ತದೆ. ಹಾಗಾಗಿ ಸತ್ಯಮಂಗಲದ ಕಡೆ ಬಯಲಿನಲ್ಲಿ ಅಂಥದ್ದೊಂದು ಸ್ಥಾವರ ಹಾಕಲು ಒಬ್ಬರು ಉದ್ಯಮಿ ಮುಂದೆ ಬಂದಿದ್ದರು. ಬೆಟ್ಟದಲ್ಲಿ ಮುಸುಕಿನ ಜೋಳ ಹೇರಳವಾಗಿ ಬೆಳೆಯುತ್ತದೆ, ಅದರ ಬೆಂಡನ್ನು ಲಾರಿಯಲ್ಲಿ ದಿಂಬಂ ಘಾಟಿ ಇಳಿಸಿದರಾಯಿತು ಎಂಬುದು ಅವರ ಲೆಕ್ಕ. ಕಾಳು ಬಿಡಿಸಿದ ಮೇಲೆ ಉಳಿಯುವ ತೆನೆಯ ಒಳದಿಂಡೇ ಬೆಂಡು. ಚೆನ್ನಾಗಿ ಒಣಗಿದರೆ ಸೌದೆಗಿಂತ ಬೇಗ ಹತ್ತಿಕೊಳ್ಳುತ್ತದೆ.

ಸಮೀಕ್ಷೆಯ ವಿಧಾನವೂ ಸರಳವಾಗಿಯೇ ಇತ್ತು. ಗ್ರಾಮಾಡಳಿತ ಅಧಿಕಾರಿಯಿಂದ ಜಮೀನುದಾರರ ಪಟ್ಟಿ ತೆಗೆದುಕೊಳ್ಳುವುದು; ಅದರಲ್ಲಿ ಪ್ರತಿ ಹತ್ತನೆಯವರ ಮನೆಗೆ ಹೋಗಿ ಇಳುವರಿ ಕೇಳುವುದು; ನೂರು ಕಿಲೋ ಕಾಳಿಗೆ ಸುಮಾರು ಮೂವತ್ತು ಕಿಲೋ ಬೆಂಡು ಎಂದು ಹಿಡಿಯುವುದು. ಅದರಲ್ಲಿ ಮನೆಯವರು ಬಳಸುವುದನ್ನು ಕಳೆದರೆ ಉಳಿದದ್ದು ‘ಹೆಚ್ಚುವರಿ’. ಸ್ಥಾವರಕ್ಕೆ ಸಿಗುವುದು ಆ ಹೆಚ್ಚುವರಿ.

ಗೆಟ್ಟವಾಡಿ ಎಂಬ ಹಳ್ಳಿಯ ಸುತ್ತಿನ ರೈತರೆಲ್ಲ ಒಂದೇ ಉತ್ತರ ಕೊಟ್ಟರು. ಎಂಟೆಕರೆಯಲ್ಲಿ ಜೋಳ ಹಾಕಿದ್ದ ಶಿವಮಲ್ಲಪ್ಪನವರು ನಕ್ಕೇಬಿಟ್ಟರು.

“ಬೆಂಡ ಏನ ಮಾಡೀರಿ ಅಂತ ಕೇಳಕ ಕೊಯಮತ್ತೂರಿಂದ ಬಂದಿದ್ದೀಯಾ ಅವ್ವಾ? ಅದ್ನ ಯಾರ ಕೇಳ್ತಾರ? ಕಣದಲ್ಲೇ ಬುಟ್ಬುಡ್ತೀಂವಿ.”

ನಾನು ‘ಪೂರ್ತಿ ಹೆಚ್ಚುವರಿ’ ಎಂದು ಬರೆದುಕೊಂಡೆ. ಒಂದು ವಾರ ಹೀಗೇ ನಡೆಯಿತು. ಕೂಡಿಸಿ ನೋಡಿದರೆ ಅಂಕಿ ಬೆಟ್ಟದಷ್ಟಾಗಿತ್ತು. ನನಗೆ ಕುತೂಹಲ ಹುಟ್ಟಿದ್ದು ಆಗ. ಕೊಯ್ಲು ಮುಗಿದ ಎಷ್ಟೋ ಕಣಗಳನ್ನು ನಾನು ದಿನವೂ ದಾಟಿಕೊಂಡು ಹೋಗುತ್ತಿದ್ದೆ. ಎಲ್ಲೂ ಬೆಂಡಿನ ಗುಡ್ಡೆ ಇರಲಿಲ್ಲ. ಹೊಲದಲ್ಲಿ ಸುಟ್ಟ ಕಪ್ಪು ಗುರುತೂ ಇರಲಿಲ್ಲ. ದನ ಬೆಂಡು ತಿನ್ನುವುದಿಲ್ಲ. ಹಾಗಾದರೆ ಅಷ್ಟೂ ಬೆಂಡು ಹೋಗಿದ್ದೆಲ್ಲಿಗೆ?

ಶಿವಮಲ್ಲಪ್ಪನವರ ಕಣಕ್ಕೆ ಕಾಳು ಬಿಡಿಸುವ ಯಂತ್ರ ಬರುವ ದಿನ ತಿಳಿದುಕೊಂಡು, ಒಂದು ತೂಗುತಕ್ಕಡಿ ಹಿಡಿದು ಬೆಳಗ್ಗೆಯೇ ಹೋಗಿ ಕೂತೆ. ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಒಂದು ಕಡೆ ಕಾಳು, ಇನ್ನೊಂದು ಕಡೆ ಬೆಂಡು ಉಗುಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆಂಡಿನ ಗುಡ್ಡೆ ಆಳುದ್ದ ಬೆಳೆಯಿತು. ಯಂತ್ರ ನಿಂತ ಮೇಲೆ ಕೂಲಿ ಹೆಂಗಸರು ಕಣ ಗುಡಿಸಿದರು, ಸೆರಗು ಬಿಗಿದು ಗೋಣಿಗಳಿಗೆ ಬೆಂಡು ತುಂಬತೊಡಗಿದರು. ಶಿವಮಲ್ಲಪ್ಪನವರು ಅತ್ತ ತಿರುಗಿಯೂ ನೋಡದೆ ಕಾಳಿನ ಮೂಟೆ ಎಣಿಸುತ್ತಿದ್ದರು.

ಹೆಂಗಸರ ಗುಂಪಿನಲ್ಲಿ ಹಿರಿಯಳಾದ ದೊಡ್ಡತಾಯಮ್ಮನ ಗೋಣಿಯನ್ನು ನಾನು ತಕ್ಕಡಿಗೆ ಸಿಕ್ಕಿಸಿದೆ.

“ಇದ್ಯಾಕ ತೂಗೀಯ ಕೂಸೇ? ನನ್ನೂ ತೂಗ್ಬುಡು, ಆಸ್ಪತ್ರಗ ಓಗದು ತಪ್ತದ” ಎಂದಳು. ಎಲ್ಲರೂ ನಕ್ಕರು.

“ಇದನ್ನು ಎಲ್ಲಿಗೆ ಒಯ್ಯುತ್ತೀರಿ?”

“ಎಲ್ಲಿಗ ಒಯ್ದೀಂವಿ, ಮನ್ಗ. ಕಣ ಗುಡ್ಸ್ದೋರ್ಗ ಬೆಂಡು. ನಮ್ಮತ್ತ ಕಾಲ್ದಿಂದ್ಲೂ ಅಂಗೇಯಾ.”

ಅವಳ ಮನೆಗೆ ಹೋದೆ. ಸೂರಿನ ಕೆಳಗೆ ಗೋಡೆಯುದ್ದಕ್ಕೂ ಬೆಂಡು ಒಟ್ಟಿತ್ತು. ರಾಗಿ ಮುದ್ದೆ ಬೇಯುವುದೂ ಸ್ನಾನದ ನೀರು ಕಾಯುವುದೂ ಅದರಲ್ಲೇ. ಮೊದಲು ಕಾಡಿನಿಂದ ಸೌದೆ ತರುತ್ತಿದ್ದರು; ಈಗ ಅರಣ್ಯದವರು ಬಿಗಿ ಮಾಡಿದ್ದರು, ಆನೆಯ ಭಯವೂ ಇತ್ತು. ಪಕ್ಕದ ಸೂರುಗಳ ಕೆಳಗೂ ಅದೇ ಒಟ್ಟಲು. ರೈತರು ಸುಳ್ಳು ಹೇಳಿರಲಿಲ್ಲ. ಕಣದಲ್ಲಿ ಬಿಟ್ಟದ್ದನ್ನು ಯಾರು ಒಯ್ದರು, ಎಷ್ಟು ಒಯ್ದರು ಎಂದು ವಿಚಾರಿಸುವುದು ಅಲ್ಲಿ ಸಣ್ಣತನ. ಅದಕ್ಕೇ ಅವರು ನೋಡುತ್ತಿರಲಿಲ್ಲ. ಒಯ್ಯುವವರ ಹೆಸರು ನಮ್ಮ ಪಟ್ಟಿಯಲ್ಲಿ ಇರಲೂ ಸಾಧ್ಯವಿರಲಿಲ್ಲ, ಏಕೆಂದರೆ ಅವರಿಗೆ ಜಮೀನಿರಲಿಲ್ಲ.

ಬೆಂಡಿನ ದಾರಿ ಸಿಕ್ಕಿತೆಂದು ನನಗೆ ಖುಷಿಯಾಗಿತ್ತು. ಅಷ್ಟರಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಸ್ಥಾವರಕ್ಕೆ ಇಂಧನ ಒದಗಿಸುವ ಆಸೆಯಿದ್ದ ಒಬ್ಬ ದಲ್ಲಾಳಿ ಸತ್ಯಮಂಗಲದಿಂದ ಬಂದು, ಬೆಂಡಿಗೆ ಟನ್ನಿಗಿಷ್ಟು ಎಂದು ಊರೂರಿನಲ್ಲಿ ಹೇಳಿಹೋದ. ಮುಂದಿನ ವಾರ ಶಿವಮಲ್ಲಪ್ಪನವರ ಎರಡನೆಯ ಹೊಲದ ಜೋಳ ಕಣಕ್ಕೆ ಬಂದಾಗ ಬೆಂಡು ಹೆಂಗಸರ ಗೋಣಿಗೆ ಬೀಳಲಿಲ್ಲ. ಮೂಟೆ ಕಟ್ಟಿ ಅವರ ಕೊಟ್ಟಿಗೆಯಲ್ಲಿ ಪೇರಿಸಲಾಯಿತು.

ನಾನು ಕೇಳಿದ್ದಕ್ಕೆ ಅವರು ಬೇಸರಪಟ್ಟುಕೊಳ್ಳಲಿಲ್ಲ. “ನೀನು ತೂಗ್ದೆ, ಅವನು ಬೆಲೆ ಏಳ್ದ. ತೂಗಿ ಮಾರೋ ಮಾಲ ಯಾರಾದ್ರೂ ಬೀದೀಲಿ ಬುಡ್ತಾರಾ? ಕಂಪನಿಯೋರು ತಕ್ಕೋತಾರ, ಇಲ್ವಾ ಅದ ಏಳು. ಅಲ್ಲೀಗಂಟ ಮೂಟ ಇಲ್ಲೇ ಇರ್ತದ.”

ದೊಡ್ಡತಾಯಮ್ಮ ದಾರಿಯಲ್ಲಿ ಸಿಕ್ಕಳು. ಈ ಸಲ ತಮಾಷೆ ಮಾಡಲಿಲ್ಲ.

“ನಮ್ಮನ ಒಟ್ಟಲು ಸಂಕ್ರಾಂತಿಗಂಟ ಬಂದ್ರ ಎಚ್ಚು. ಆಮ್ಯಾಲ ಕಾಡ್ಗ ಓಗ್ಬೇಕು. ನೋಡು ಕೂಸೇ, ಬೆಲೆ ಇಲ್ದೆ ಇದ್ದಾಗ ಅದು ನಮ್ದು. ಬೆಲೆ ಬಂದೇಟ್ಗ ಅವರ್ದಾಗೋಯ್ತು.”

ಆ ಶನಿವಾರ ನನ್ನ ಮೇಲಧಿಕಾರಿ ಸೆಲ್ವರಾಜ್ ಸರ್ ಕೆಳಗಿನಿಂದ ಬಂದರು. ದಿಂಬಂನಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಇಂಜಿನಿಯರ್, ಮಾತು ಕಡಿಮೆ.

“ಹಣ ಕೊಟ್ಟರೆ ಮಾಲು ಸಿಗುತ್ತದೆ ಎಂದಾಯಿತಲ್ಲ? ಸ್ಥಾವರದವರಿಗೆ ಬೇಕಾದದ್ದು ಅದೇ” ಎಂದರು ತಮಿಳಿನಲ್ಲಿ.

“ಮಾಲು ಸಿಗುತ್ತದೆ ಸರ್. ಆ ಮನೆಗಳು ಒಲೆಗೆ ಏನು ಹಾಕುತ್ತವೆ?”

“ಸೌದೆ.”

“ಎಲ್ಲಿಯ ಸೌದೆ?”

ಅವರು ರಸ್ತೆಯಾಚೆಯ ಕಾಡಿನ ಕಡೆ ನೋಡಿದರು. ನಮ್ಮ ವರದಿಗೆ ಒಂದು ಷರತ್ತಿತ್ತು: ಸ್ಥಾವರದಿಂದ ಕಾಡಿನ ಸೌದೆಯ ಮೇಲೆ ಹೊರೆ ಬೀಳಬಾರದು. ಬೆಂಡು ಬಾಯ್ಲರಿಗೆ ಹೋಗಿ, ಅದರ ಬದಲಿಗೆ ಕಾಡಿನ ಸೌದೆ ಒಲೆಗೆ ಬಂದರೆ, ಸ್ಥಾವರ ಉರಿಸಿದ್ದು ಬೆಂಡು ಎಂದು ಕಾಗದದಲ್ಲಿ ಬರೆಯಬಹುದು. ಉರಿದದ್ದು ಮಾತ್ರ ಕಾಡು. ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಕಿಲೋಗಿಂತ ತುಸು ಹೆಚ್ಚೇ ಬೆಂಡು ಬೇಕು. ಹಾಗಾಗಿ ಈ ಅದಲುಬದಲು ಸಣ್ಣದಾಗುವಂತಿರಲಿಲ್ಲ.

ಸರ್ ಲೋಟ ಕೆಳಗಿಟ್ಟರು. “ಒಂದು ಹಳ್ಳಿಯ ಕಥೆ ಸಾಲದು. ಇನ್ನೊಂದು ವಾರ ತೆಗೆದುಕೊ. ಈ ಸಲ ಜಮೀನಿನ ಪಟ್ಟಿ ಬೇಡ, ರೇಷನ್ ಕಾರ್ಡಿನ ಪಟ್ಟಿ ಹಿಡಿ.”

ರೇಷನ್ ಕಾರ್ಡು ಜಮೀನಿಲ್ಲದವರ ಮನೆಯಲ್ಲೂ ಇರುತ್ತದೆ. ಆ ವಾರ ನಾನು ಒಲೆಗಳನ್ನು ನೋಡುತ್ತ ತಿರುಗಿದೆ. ಯಾವ ಮನೆಯಲ್ಲಿ ಏನು ಉರಿಯುತ್ತದೆ, ಅದು ಯಾರ ಕಣದಿಂದ ಬಂತು, ಎಷ್ಟು ತಿಂಗಳಿಗಾಗುತ್ತದೆ ಎಂದು ಕೇಳಿದೆ. ಕೆಲವರ ಉತ್ತರ ನನ್ನ ವಾದಕ್ಕೆ ಒಪ್ಪುವಂತಿರಲಿಲ್ಲ. ಒಬ್ಬಳು ಎಳೆ ಬಾಣಂತಿ, “ಬೆಲೆ ನಮ್ಮ ಕೈಗೇ ಬಂದ್ರ ಮಾರ್ತೀನಿ ಅಕ್ಕಾ, ಗ್ಯಾಸ್ ತಕ್ಕೋತೀನಿ. ಒಗೆ ಕುಡ್ದು ಕುಡ್ದು ಸಾಕಾಗದ” ಎಂದಳು. ಅದನ್ನೂ ಬರೆದುಕೊಂಡೆ. ಕೊನೆಗೆ ಲೆಕ್ಕ ಹಾಕಿದಾಗ, ಮೊದಲು ಪೂರ್ತಿ ಹೆಚ್ಚುವರಿ ಎಂದು ಬರೆದಿದ್ದರಲ್ಲಿ ನಿಜವಾಗಿ ಉಳಿದದ್ದು ಹತ್ತರಲ್ಲೊಂದು ಪಾಲೂ ಅಲ್ಲ. ಅಷ್ಟಕ್ಕಾಗಿ ಇಪ್ಪತ್ತೇಳು ತಿರುವುಗಳ ಘಾಟಿಯಲ್ಲಿ ಲಾರಿ ಇಳಿಸುವುದು ಗಿಟ್ಟುವಂತಿರಲಿಲ್ಲ. ವರದಿಯಲ್ಲಿ ಬೆಟ್ಟದ ಹಳ್ಳಿಗಳನ್ನು ಇಂಧನದ ವ್ಯಾಪ್ತಿಯಿಂದ ಕೈಬಿಟ್ಟೆವು. ಬಯಲಿನಲ್ಲಿ ಎಲ್ಲೆಂದರಲ್ಲಿ ಹಬ್ಬಿದ್ದ ಸೀಮೆಜಾಲಿ ಮುಳ್ಳುಮರಗಳನ್ನು ನಂಬಿ ಸಣ್ಣ ಸ್ಥಾವರ ಹಾಕಬಹುದೆಂದು ಸೂಚಿಸಿದೆವು. ಉದ್ಯಮಿ ಒಪ್ಪಿದರು.

ಫಲಿತಾಂಶ ತಿಳಿಸುವುದು ನನ್ನ ಕೆಲಸವಾಗಿರಲಿಲ್ಲ. ಆದರೂ ಜನವರಿಯ ಮೊದಲ ವಾರದಲ್ಲಿ ಬಸ್ಸು ಹತ್ತಿ ಗೆಟ್ಟವಾಡಿಗೆ ಹೋದೆ. ದೊಡ್ಡತಾಯಮ್ಮ ಮತ್ತು ಇನ್ನೂ ಮೂವರು ಶಿವಮಲ್ಲಪ್ಪನವರ ಹೊಲದಲ್ಲಿ ಅರಿಸಿನ ಕೀಳುತ್ತಿದ್ದರು. ಕಂಪನಿಯವರು ಬೆಂಡು ಕೊಳ್ಳುವುದಿಲ್ಲ ಎಂದು ಎಲ್ಲರೆದುರಿಗೇ ಹೇಳಿದೆ.

ಶಿವಮಲ್ಲಪ್ಪನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಒಳ್ಳೇದಾಯ್ತು ಬುಡು. ಕೊಟ್ಟಿಗೇಲಿ ಇಲಿ ತುಂಬ್ಕಂಡವ. ಲೇ ದೊಡ್ತಾಯಿ, ಸಂಜಗ ಎಲ್ಲಾರೂ ಬಂದು ಮೂಟ ಒತ್ಕೊಂಡೋಗ್ರಮ್ಮಿ.”

ಉಳಿದ ಹೆಂಗಸರ ಮುಖ ಅರಳಿತು. ದೊಡ್ಡತಾಯಮ್ಮ ಮಾತ್ರ ಗುದ್ದಲಿ ಊರಿಕೊಂಡು ನಿಂತಳು.

“ತಕ್ಕೊಂಡೋಯ್ತೀಂವಿ ಬುದ್ಧಿ. ಬರ‍್ರೋ ವರ್ಷ?”

“ಬರ‍್ರೋ ವರ್ಷನೂ ಅಂಗೇಯಾ. ಯಾವತ್ತು ಬ್ಯಾಡ ಅಂದಿದ್ದೆ?”

“ಈ ವರ್ಷ ಅಂದ್ರಲ್ಲಾ ಬುದ್ಧಿ. ಬ್ಯಾರೆ ಕಂಪನಿ ಬಂದ್ರ ಇನ್ನೊಂದ್ಸಲ ಬ್ಯಾಡ ಅಂತೀರಿ. ಇನ್ಮ್ಯಾಲ ಕೂಲಿ ಮಾತಾಡುವಾಗ್ಲೇ ಬೆಂಡೂ ಮಾತಾಡ್ಬುಡಿ. ಇಷ್ಟು ದುಡ್ಡು, ಇಷ್ಟು ಬೆಂಡು ಅಂತ.”

“ಇದೇನ್ಲಾ ಇವಳು, ವಕೀಲ್ರ ಮನ್ಲಿ ಕಸ ಗುಡ್ಸಿದ್ಲಾ!” ಎಂದರು ಅವರು, ಯಾರನ್ನೂ ನೋಡದೆ. ಯಾರೂ ನಗಲಿಲ್ಲ. ಗುದ್ದಲಿಗಳೂ ಏಳಲಿಲ್ಲ. ಅರಿಸಿನ ಕೀಳುವುದು ಇನ್ನೂ ಮುಕ್ಕಾಲು ಹೊಲ ಬಾಕಿಯಿತ್ತು.

“ಆಳಿಗ ಎರಡು ಮೂಟ” ಎಂದರು ಕೊನೆಗೆ.

“ಮೂರು” ಎಂದಳು ದೊಡ್ಡತಾಯಮ್ಮ.

ಶಿವಮಲ್ಲಪ್ಪನವರು ಟವೆಲ್ಲು ಇನ್ನೊಂದು ಹೆಗಲಿಗೆ ಬದಲಿಸಿ ಪಂಪಿನ ಮನೆಯ ಕಡೆ ನಡೆದರು. ದೊಡ್ಡತಾಯಮ್ಮ ಗುದ್ದಲಿ ಎತ್ತಿದಳು, “ಏಳ್ರಮ್ಮೀ, ಮೂರು ಮೂಟ ಕಣ್ರಮ್ಮೀ” ಎಂದಳು, ಅವರಿಗೂ ಕೇಳುವಷ್ಟು ಜೋರಾಗಿ.

ಮುಂದಿನ ಕೊಯ್ಲಿನಲ್ಲಿ ಗೆಟ್ಟವಾಡಿಯ ಕಡೆ ಹೋಗಿದ್ದಾಗ ವಿಚಾರಿಸಿದೆ. ಮಾತು ಆಳಿಗೆ ಮೂರು ಮೂಟೆಗೇ ನಿಂತಿತ್ತು.

ಆಮೇಲೆ ನಾನು ಇನ್ನೂ ಕೆಲವು ಸ್ಥಾವರಗಳ ಇಂಧನ ಸಮೀಕ್ಷೆ ಮಾಡಿದೆ. ದೇಶದ ವಿದ್ಯುತ್ತಿನಲ್ಲಿ ಹೊಸ ಮೂಲಗಳ ಪಾಲು ಇಷ್ಟಿರಬೇಕು ಎಂದು ಆಯೋಗ ಆದೇಶ ಮಾಡುವುದು ಒಳ್ಳೆಯದೇ. ಕಲ್ಲಿದ್ದಲು ಕಡಿಮೆಯಾಗಲಿ ಎಂಬುದು ನನ್ನ ಆಸೆ ಕೂಡ. ಆದರೆ ಆ ಪಾಲನ್ನು ತುಂಬುವ ವಸ್ತು ಅದಾಗಲೇ ಎಲ್ಲೋ ಯಾರದೋ ಕೆಲಸಕ್ಕೆ ಬರುತ್ತಿರುತ್ತದೆ. ಯಾರೂ ಕೊಳ್ಳದ್ದು ಯಾರಿಗೂ ಬೇಡದ್ದು ಎಂದಲ್ಲ. ‘ಹೆಚ್ಚುವರಿ’ ಎಂದು ಬರೆಯುವ ಮೊದಲು, ಇದನ್ನು ಒಯ್ದರೆ ಯಾರ ಒಲೆಯಲ್ಲಿ ಏನು ಉರಿಯುತ್ತದೆ ಎಂದು ಆ ಒಲೆಯ ಮುಂದೆಯೇ ಕೂತು ಕೇಳಬೇಕು.