ಸೇವ್ ಮಾಡ್ಕೋರಿ

ಬಾಗಿಲಿಗೆ ಕೀಲಿ ಹಾಕಿದ ಮೇಲೆ ಅದನ್ನು ಜಗ್ಗಿ ನೋಡದೆ ಗೇಟು ದಾಟುವುದು ನನ್ನಿಂದ ಆಗದ ಕೆಲಸ. ಓಣಿಯ ತುದಿಯವರೆಗೆ ಹೋಗಿ, ಮರಳಿ ಬಂದು ಜಗ್ಗಿದ್ದೂ ಉಂಟು. ಆಗ ಆಟೋದಲ್ಲಿ ಕುಳಿತ ಹೆಂಡತಿ ಆಟೋದವನ ಕಡೆ ಬೀರುವ ನೋಟ ನನಗೆ ಕಾಣಿಸಿಲ್ಲವೆಂಬಂತೆ ಇರುತ್ತೇನೆ. ಕಂಪ್ಯೂಟರಿನ ಮುಂದೆಯೂ ನನ್ನದು ಇದೇ ಸ್ವಭಾವ. ಪ್ರೋಗ್ರಾಮಿನ ಒಂದು ಸಾಲು ಮುಗಿಯಿತೋ ಇಲ್ಲವೋ, ಎಡಗೈ ಸೇವ್ ಮಾಡುವ ಗುಂಡಿಗಳನ್ನು ಒತ್ತಿಬಿಟ್ಟಿರುತ್ತದೆ. ಬರೆದದ್ದನ್ನು ತಾವೇ ಸೇವ್ ಮಾಡಿಕೊಳ್ಳುವ ಎಡಿಟರ್ ತಂತ್ರಾಂಶಗಳು ಬಂದು ಎಷ್ಟೋ ಕಾಲವಾಯಿತು. ನನ್ನ ಬೆರಳುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈ ಚಟ ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಗೋಕುಲ ರಸ್ತೆಯ ಒಂದು ಮಹಡಿಯ ಮೇಲಿನ ಖೋಲಿಯಲ್ಲಿ. ಅಲ್ಲಿ ನಾನು ಮತ್ತು ನನ್ನ ಜೊತೆ ಕೆಲಸಕ್ಕಿದ್ದ ಸುನಂದಾ, ಅಮರಗೋಳದ ಮಾರುಕಟ್ಟೆಯ ವ್ಯಾಪಾರಿಗಳಿಗೆ ಬಿಲ್ ತೆಗೆಯುವ ಪ್ರೋಗ್ರಾಮ್ ಬರೆದುಕೊಡುತ್ತಿದ್ದೆವು. ಕೆಳಗೆ ದಸ್ತಗೀರ ಕಾಕಾರ ಅಂಗಡಿ, ಅದರಲ್ಲಿ ಕಬ್ಬಿಣ ಕಡೆಯುವ ಲೇಥ್ ಮಶೀನು. ಇಬ್ಬರಿಗೂ ಒಂದೇ ಲೈನಿನ ಕರೆಂಟು. ಅವರು ಮಶೀನು ಚಾಲೂ ಮಾಡಿದರೆ ನಮ್ಮ ದೀಪ ಮಂಕಾಗಿ, ಕಂಪ್ಯೂಟರು ಕಣ್ಣುಮುಚ್ಚಿ, ಏನೂ ಆಗಿಲ್ಲವೆಂಬಂತೆ ಮೊದಲಿನಿಂದ ಶುರುವಾಗುತ್ತಿತ್ತು. ಯುಪಿಎಸ್ ಇತ್ತು, ಹೆಸರಿಗೆ. ಹೀಗೆ ಒಂದು ದಿನ ಸುನಂದಾ ಮುಂಜಾನೆಯಿಂದ ಬರೆದದ್ದೆಲ್ಲ ಹೋಯಿತು. ಜಗಳ ಮಾಡಲೆಂದೇ ದಡದಡ ಕೆಳಗಿಳಿದವಳು ಮಶೀನಿನ ಮುಂದೆ ನಿಂತು ಅತ್ತುಬಿಟ್ಟಳು. ಕಾಕಾ ಗಾಬರಿಯಾಗಿ ಸ್ವಿಚ್ ಆರಿಸಿದರು. ಸಂಗತಿ ತಿಳಿದ ಮೇಲೆ, "ನನ್ನಿಂದ ಆತೇನವಾ ಇದು? ಇನ್ನ ಮ್ಯಾಲೆ ಕೇಳೇ ಚಾಲೂ ಮಾಡತೇನಿ, ಅಳಬ್ಯಾಡ" ಎಂದರು.

ಅಂದಿನಿಂದ ಮಶೀನು ಶುರುಮಾಡುವ ಮೊದಲು ಅವರು ಮೆಟ್ಟಿಲ ಬುಡಕ್ಕೆ ಬಂದು ಕೂಗುವುದು ರೂಢಿಯಾಯಿತು: "ಸೇವ್ ಮಾಡ್ಕೋರಿ, ಚಾಲೂ ಮಾಡತೇನಿ." ನಾವು ಗುಂಡಿ ಒತ್ತಿ, "ಹೂಂ, ಮಾಡ್ರಿ ಕಾಕಾ" ಎನ್ನಬೇಕು. ಆ ಹೂಂ ಕೇಳಿದ ಮೇಲೆಯೇ ಅವರ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಸೇವ್ ಎಂದರೆ ಏನೆಂದು ಅವರು ಕೇಳಿದವರಲ್ಲ. ಒಲೆಯ ಮೇಲಿಟ್ಟ ಹಾಲಿನಂಥದ್ದೇನೋ ಒಂದು ಮೇಲಿದೆ, ಅಷ್ಟೇ ಅವರಿಗೆ ಸಾಕಾಗಿತ್ತು. ಬರಬರುತ್ತ ಆ ಕೂಗಿಗೆ ಬಾಲಂಗೋಚಿಗಳು ಸೇರಿದವು. "ಸೇವ್ ಮಾಡ್ಕೋರಿ, ಊಟಾ ಆತಿಲ್ಲೋ?" "ಸೇವ್ ಮಾಡ್ಕೋರಿ, ಸುನಂದಾ, ನಿಮ್ಮವ್ವಗ ಆರಾಮ ಐತೇನು?"

ಆಮೇಲೆ ಹೊಸ ಎಡಿಟರು ಬಂತು. ತಾನೇ ಸೇವ್ ಮಾಡಿಕೊಳ್ಳುವ ವ್ಯವಸ್ಥೆಯನ್ನು ಸುನಂದಾ ಅದೇ ದಿನ ಹಾಕಿಕೊಂಡಳು. ನಾನು ತಕರಾರು ತೆಗೆದೆ. ಬರೆದದ್ದೆಲ್ಲ ಉಳಿಯಲೇಬೇಕೇ? ಹುಚ್ಚು ಯೋಚನೆಯೊಂದನ್ನು ಬರೆದು ನೋಡಿ, ಸೇವ್ ಮಾಡದೆ ಎದ್ದುಹೋಗುವುದರಲ್ಲಿ ಒಂದು ಸ್ವಾತಂತ್ರ್ಯವಿದೆ. ಸಾಲಿಯ ಪಾಟಿಯ ಮೇಲೆ ತಪ್ಪು ಲೆಕ್ಕ ಮಾಡಿ, ಮಾಸ್ತರರು ಬರುವಷ್ಟರಲ್ಲಿ ಅಂಗೈಯಿಂದ ಒರೆಸಿಬಿಡುತ್ತಿದ್ದ ನಮ್ಮಂಥವರಿಗೆ ಅದರ ಬೆಲೆ ಗೊತ್ತು. ಹಿಂದೆ ತಾಳೆಗರಿಯ ಮೇಲೆ ಕಾವ್ಯಗಳನ್ನು ನಕಲು ಮಾಡುತ್ತಿದ್ದವರು ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಓದುಗರಿಗೆ ಕೈಮುಗಿದು ಮುಗಿಸುತ್ತಿದ್ದರಂತೆ. ಈ ಎಡಿಟರು ಕೈಮುಗಿಯುವುದಿಲ್ಲ, ಕೇಳುವುದೂ ಇಲ್ಲ. ನನ್ನ ಜಾಣತನವನ್ನೂ ದಡ್ಡತನವನ್ನೂ ಸಮಾನ ಗೌರವದಿಂದ ಎತ್ತಿಡುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಸುನಂದಾ, "ನಿಮ್ಮದು ಒಮ್ಮೆನೂ ಹೋಗಿಲ್ರಿ ಇನ್ನ. ಹೋದ ದಿನಾ ಮಾತಾಡೂಣಂತ" ಎಂದಳು. ನಾನು ಬಾಯಿ ಮುಚ್ಚಿಕೊಂಡು ಅದನ್ನೇ ಹಾಕಿಕೊಂಡೆ.

ಆದರೆ ಕಾಕಾರಿಗೆ ಇದನ್ನು ಹೇಳಲಿಲ್ಲ. ಅವರು ಕೂಗುವುದು, ನಾವು ಹೂಂಗುಡುವುದು ಹಾಗೆಯೇ ನಡೆದಿತ್ತು. ಒಂದು ಶುಕ್ರವಾರ ಅವರು ನಮಾಜಿಗೆ ಹೋದಾಗ ನಾವು ಅಮರಗೋಳಕ್ಕೆ ಹೋದೆವು. ಮರಳಿ ಬಂದಾಗ ಲೇಥ್ ನಿಂತಿತ್ತು. ಗಿರಾಕಿಯೊಬ್ಬ ತನ್ನ ಟ್ರ್ಯಾಕ್ಟರಿನ ಶಾಫ್ಟನ್ನು ಗೊಣಗುತ್ತ ಟೆಂಪೋಕ್ಕೆ ಏರಿಸಿ ಬೇರೆ ಅಂಗಡಿಗೆ ಹೊರಟಿದ್ದ. "ಭಾಳ ಸಲ ಕೂಗಿದೆ. ಕಂಪ್ಯೂಟರ್ ಹಂಗs ಬಿಟ್ಟು ಚಾ ಕುಡ್ಯಾಕ ಹೋಗೀರಂತ ತಿಳದು ಕಾದೆ" ಎಂದರು ಕಾಕಾ. ನಮ್ಮ ಮಹಡಿಗೆ ಕೀಲಿ ಬಿದ್ದಿತ್ತು, ನಾನೇ ಜಗ್ಗಿ ನೋಡಿ ಹೋಗಿದ್ದೆ. ಉಳಿಸಬೇಕಾದದ್ದೇನೂ ಇಲ್ಲದ ಖೋಲಿಯ ಸಲುವಾಗಿ ಅವರ ಕೆಲಸ ಕೈತಪ್ಪಿತ್ತು. ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿತು.

"ಇನ್ನ ಕೇಳೂದು ಬ್ಯಾಡ್ರಿ ಕಾಕಾ. ಈಗ ಅದು ತಾನ ಸೇವ್ ಮಾಡ್ಕೋತೈತಿ" ಎಂದೆ.

"ಛಲೋ ಆತು ಬಿಡ್ರಿ" ಎಂದರು. ಆಮೇಲೆ ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡು ಮಶೀನಿನ ಕಡೆ ತಿರುಗಿದರು.

ಮರುದಿನ ದೀಪ ಮಂಕಾಯಿತು, ಕಂಪ್ಯೂಟರು ಕಣ್ಣುಮುಚ್ಚಿ ತೆರೆಯಿತು. ಬರೆದದ್ದೆಲ್ಲ ಅಲ್ಲಿಯೇ ಇತ್ತು. ನಮ್ಮ ಕೆಲಸ ಸುಸೂತ್ರವಾಗಿ ಸಾಗಿತು. ನಾವು ಊಟ ಮಾಡಿದೆವೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಹೀಗೇ ಕೆಲವು ವಾರ ಕಳೆದ ಮೇಲೆ ಚಹಾದಂಗಡಿಯವನು, "ನಿಮ್ಮ ಕೆಳಗಿನ ಕಾಕಾ ಈಗ ಹೆಂಗದಾರ್ರಿ? ಭಾಳ ಜ್ವರ ಬಂದು ದವಾಖಾನಿಗೆ ಹಾಕಿದ್ರಂತಲ್ಲ" ಎಂದ. ಮುಚ್ಚಿದ ಅಂಗಡಿಯ ಪಕ್ಕದಲ್ಲೇ ದಿನಾ ಮೆಟ್ಟಿಲು ಹತ್ತಿದ್ದರೂ ನಮಗಿಬ್ಬರಿಗೂ ಗೊತ್ತಾಗಿರಲಿಲ್ಲ. ಕೆಳಗೆ ಮಶೀನು ನಿಂತು ನಾಲ್ಕು ದಿನವಾಗಿತ್ತಂತೆ. ದೀಪ ಮಂಕಾಗದಿದ್ದುದಕ್ಕೆ ಯಾರಾದರೂ ತಲೆಯೆತ್ತಿ ನೋಡುತ್ತಾರೆಯೇ? ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅವರು ಚೇತರಿಸಿಕೊಂಡು ಅಂಗಡಿಗೆ ಬಂದ ದಿನ ಸುನಂದಾ ಕೆಳಗೆ ಹೋದಳು. ನಾನೂ ಹಿಂದೆ ಹೋದೆ.

"ಕಾಕಾ, ಮೊದಲಿನಂಗs ಕೂಗ್ರಿ. ಉತ್ತರಾ ಬರಲಿಲ್ಲಂದ್ರ ಮಾತ್ರ ಕಾಯಬ್ಯಾಡ್ರಿ, ಚಾಲೂ ಮಾಡಿಬಿಡ್ರಿ" ಎಂದಳು.

"ತಾನ ಸೇವ್ ಆಗತೈತಿ ಅಂದಿದ್ರಲ್ಲವಾ?"

"ಆಗತೈತ್ರಿ. ನೀವು ಅಂಗಡಿಗೆ ಬಂದೀರೋ ಇಲ್ಲೋ ಅನ್ನೂದು ಅದಕ್ಕ ಗೊತ್ತಾಗೂದಿಲ್ರಿ."

ನಾವು ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂಡುವಷ್ಟರಲ್ಲಿ ಕೂಗು ಬಂತು. ಜ್ವರದಿಂದ ದನಿ ಇನ್ನೂ ಸಣ್ಣಗಿತ್ತು. ಸೇವ್ ಆಗಿದ್ದ ಫೈಲನ್ನು ಇಬ್ಬರೂ ಇನ್ನೊಮ್ಮೆ ಸೇವ್ ಮಾಡಿ ಹೂಂಗುಟ್ಟಿದೆವು.

ಆ ಮಹಡಿ ಬಿಟ್ಟು ವರ್ಷಗಳಾದವು. ಈಗ ಮನೆಯಲ್ಲಿ ಕುಳಿತು ಬರೆಯುವಾಗಲೂ ಬೆರಳು ಗುಂಡಿ ಒತ್ತುತ್ತದೆ, ಒಮ್ಮೊಮ್ಮೆ ಬಾಯಿ "ಹೂಂ, ಮಾಡ್ರಿ" ಎಂದೂ ಅಂದುಬಿಡುತ್ತದೆ. "ಯಾರಿಗೆ ಹೂಂ ಅಂದ್ರಿ?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳುತ್ತಾಳೆ. "ಕೆಳಗಿನವರಿಗೆ" ಎನ್ನುತ್ತೇನೆ. ಬೈರಿದೇವರಕೊಪ್ಪದ ನಮ್ಮ ಮನೆಗೆ ಇರುವುದು ನೆಲಮಹಡಿಯೊಂದೇ.