ಚೀನಾದವರ ಹಬ್ಬದ ಕೆಂಪು ಕವರು

ಗಾನವಿ, ನಿಶ್ಚಲ, ನಿಮ್ಮಿಬ್ಬರಿಗೂ ಒಂದು ತಪ್ಪು ಒಪ್ಪಿಸಬೇಕಾಗಿದೆ. ಎದುರಿಗೆ ಕೂತು ಹೇಳಲು ನನ್ನಿಂದಾಗದು. ಗ್ಯಾಸಿನವರಿಗೆ ಫೋನಿನಲ್ಲಿ ವಿಳಾಸ ಹೇಳುವಾಗಲೂ ತಡವರಿಸುವ ಹೆಂಗಸು ನಾನು. ಅದಕ್ಕೇ ನಿಶ್ಚಲ ಅರ್ಧ ಬರೆದು ಬಿಟ್ಟ ಕಾಪಿ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ವಿಷಯ ಚೀನಾದವರ ಹೊಸವರ್ಷದ ಹಬ್ಬ. ಅದನ್ನು ಗಾನವಿಗೆ ಕಲಿಸಲು ಹೋಗಿ ನಾನು ಬೇರೇನನ್ನೋ ಕಲಿಸಿಬಿಟ್ಟೆ.

ಚೀನಾ ನನಗೆಷ್ಟು ಗೊತ್ತಿತ್ತು ಅನ್ನುತ್ತೀರಿ? ನಮ್ಮೂರ ಶಾಲೆಯ ಮೇಷ್ಟ್ರ ಪ್ರಕಾರ ಚೀನಾದವರು ಮೊದಲು ಒಂದು ದೊಡ್ಡ ಗೋಡೆ ಕಟ್ಟಿದರು, ಆಮೇಲೆ ನಮ್ಮ ಮೇಲೆ ಯುದ್ಧಕ್ಕೆ ಬಂದರು. ನಡುವಿನ ಸಾವಿರಾರು ವರ್ಷ ಏನು ಮಾಡುತ್ತಿದ್ದರೆಂದು ಕೇಳುವ ಹಾಗಿರಲಿಲ್ಲ, ಮೇಜಿನ ಮೇಲೆ ಬೆತ್ತವಿತ್ತು. ಪದ್ಯದಲ್ಲಿ ಚೀನಾಂಬರ ಎಂದು ಬಂದಾಗ ಮಾತ್ರ ರೇಷ್ಮೆ ಎಂದು ಅರ್ಥ ಬರೆಸಿದ್ದರು. ಗೋಡೆ, ಯುದ್ಧ, ರೇಷ್ಮೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದೆ. ಅಕ್ಕಿಪೇಟೆಯ ಅಂಗಡಿಯಿಂದ ನಿಮ್ಮ ತಾತ ಮನೆಗೆ ಬರುವುದನ್ನು ಕಾಯುತ್ತ ಮೂವತ್ತು ವರ್ಷ ಕಳೆದ ಮೇಲೂ ನನ್ನ ಚೀನಾ ಅಷ್ಟೇ ಇತ್ತು.

ಕಳೆದ ವರ್ಷ ಮೂರನೇ ಕ್ಲಾಸಿನಲ್ಲಿದ್ದ ಗಾನವಿಗೆ ಟೀಚರು ಬೇರೆ ದೇಶದ ಒಂದು ಹಬ್ಬ ಮಾಡಿ ತೋರಿಸಲು ಹೇಳಿದರು. ಚೀಟಿ ಎತ್ತಿದಾಗ ಚೀನಾ ಬಂತು. ನಿಮ್ಮಮ್ಮ ಶ್ರುತಿಗೆ ಆಫೀಸು. ಹಾಗಾಗಿ ಚಾರ್ಟಿಗೆ ಅಂಟು ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಗಾನವಿ ಫೋನು ನೋಡಿ ಓದುವಳು, ನಾನು ಕೆಂಪು ಕಾಗದ ಕತ್ತರಿಸುವೆ. ಕತ್ತರಿಸುತ್ತ ಕೇಳಿದರೆ, ಅವರದೂ ನಮ್ಮ ಹಾಗೇ ಚಂದ್ರನ ಲೆಕ್ಕ! ಅಮಾವಾಸ್ಯೆಯ ಹೊತ್ತಿಗೇ ಹೊಸವರ್ಷ. ಅವರಿಗೂ ಅಧಿಕಮಾಸ ಬರುತ್ತದಂತೆ. ಹಬ್ಬದ ದಿನ ಪೊರಕೆ ಮುಟ್ಟುವುದಿಲ್ಲವಂತೆ, ಮುಟ್ಟಿದರೆ ಮನೆಯ ಅದೃಷ್ಟ ಗುಡಿಸಿಹೋಗುತ್ತದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿ ನಾನು ಅತ್ತೆಯಿಂದ ಬೈಸಿಕೊಂಡದ್ದು ನೆನಪಾಯಿತು. ಗೋಡೆಯ ಆಚೆಗೂ ಒಬ್ಬಳು ಅತ್ತೆ ಇದ್ದಾಳೆಂದು ಅವತ್ತು ಗೊತ್ತಾಯಿತು.

ನಿಶ್ಚಲ ಕೇಳಿದ, “ಅಜ್ಜಿ, ಚೀನಾದಲ್ಲೂ ಅಜ್ಜಿಯರು ಇರ್ತಾರಾ?”

“ಇಲ್ದೆ ಏನೋ? ಅವರಿಗೂ ಮಂಡಿ ನೋಯುತ್ತೆ” ಅಂದೆ.

ಚಾರ್ಟಿನ ಕೊನೆಯ ಸಾಲು ಇದು: ಹಬ್ಬದ ದಿನ ಹಿರಿಯರು ಮಕ್ಕಳಿಗೆ ಕೆಂಪು ಕವರು ಕೊಟ್ಟು ಹರಸುತ್ತಾರೆ, ಎಲ್ಲರಿಗಿಂತ ಹಿರಿಯರು ಮೊದಲು. ಗಾನವಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. “ಅಜ್ಜಿ, ಕ್ಲಾಸಿಗೆ ನೀನೇ ಬರ್ಬೇಕು. ನೀನೇ ಫಸ್ಟ್ ಕೊಡ್ಬೇಕು. ಟೀಚರ್ ಹತ್ರ ಹೇಳ್ಬಿಟ್ಟಿದೀನಿ.”

ಹೇಳಿಯಾಗಿತ್ತು. ಒಂದು ವಾರ ಹೆದರಿಕೆಯಲ್ಲೇ ಕಳೆದೆ. ಆದರೆ ಅದರೊಳಗೆ ಒಂದು ಸಂತೋಷವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಕೈಯಿಂದ ಮೊದಲು ಎಂದು ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ!

ಕವರು ತರಲು ನಾವಿಬ್ಬರೂ ಮಾಮೂಲ್‌ಪೇಟೆಗೆ ಹೋದೆವು. ಮದುವೆ ಸಾಮಾನಿನ ಅಂಗಡಿಯವನು ಕಟ್ಟು ಕಟ್ಟು ಕೆಂಪು ಕವರು ಹರವಿ, “ಮನೇಲಿ ಮದ್ವೆನಾ ಅಮ್ಮಾ?” ಅಂದ.

“ಅಲ್ಲಪ್ಪ, ಚೀನಾದವರ ಹಬ್ಬ.”

“ಓಹೋ! ಬೀಗರು ಆ ಕಡೆಯವರಾ?” ಅಂದುಬಿಟ್ಟ. ಗಾನವಿ ನಕ್ಕೂ ನಕ್ಕೂ ನನ್ನ ಸೆರಗಿನಲ್ಲೇ ಮುಖ ಒರೆಸಿಕೊಂಡಳು. ಮನೆಗೆ ಬಂದು ಪ್ರತಿ ಕವರಿಗೂ ಎರಡು ಕಿತ್ತಳೆ ಪೆಪ್ಪರ್‌ಮಿಂಟು ಹಾಕಿದೆವು. ಕೊಡುವ ರೀತಿಯನ್ನು ಅವಳೇ ನನಗೆ ಹೇಳಿಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ಕೊಡುವಾಗ ನಗಬೇಕು.

ಆ ದಿನ ಕ್ಲಾಸಿನ ತುಂಬ ಕೆಂಪು ಲಾಟೀನು ತೂಗುತ್ತಿದ್ದವು. ನನ್ನ ಜೊತೆ ಇನ್ನೊಬ್ಬ ಹುಡುಗನ ಅಜ್ಜಿಯೂ ಬಂದಿದ್ದರು. ರೇಷ್ಮೆ ಸೀರೆ, ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಟೀಚರು ಕವರಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ಇಲ್ಲಿ ಎಲ್ಲರಿಗಿಂತ ದೊಡ್ಡೋರು ಗಾನವಿ ಅಜ್ಜಿ. ಮೊದ್ಲು ಅವರು” ಅಂದರು. ಸಾಲಿನ ಮೊದಲಿಗೆ ಒಂದು ಹುಡುಗಿ ಯೂನಿಫಾರಂ ಬಿಟ್ಟು ಹೊಸ ಫ್ರಾಕು ಹಾಕಿಕೊಂಡು ನಿಂತಿತ್ತು. ಅವತ್ತು ಅದರ ಹುಟ್ಟಿದ ಹಬ್ಬ.

ನನ್ನ ಕೈ ಅಲ್ಲೇ ನಿಂತಿತು. ಹುಟ್ಟಿದ ಹಬ್ಬದ ದಿನ ಮಗುವಿಗೆ ನನ್ನಂಥವಳ ಕೈಯಿಂದ ಮೊದಲ ಕೆಂಪು. ಅದರ ತಾಯಿ ಏನೆಂದುಕೊಂಡಾಳು? ಆ ತಾಯಿ ಅಲ್ಲಿರಲೇ ಇಲ್ಲ. ಯಾರೂ ನನಗೆ ಬೇಡವೆಂದಿರಲಿಲ್ಲ. ಆದರೂ ನಾನು ತಟ್ಟೆಯನ್ನು ಆ ಇನ್ನೊಬ್ಬ ಅಜ್ಜಿಯ ಕಡೆ ಚಾಚಿದೆ.

“ಅಯ್ಯೋ, ನೀವು ಕೊಡ್ರಿ, ದೊಡ್ಡೋರು” ಅಂದರು ಅವರು.

“ಬೇಡಿ ಬೇಡಿ. ಮುತ್ತೈದೆ ನೀವಿದ್ದೀರಲ್ಲ.”

ನಾಲ್ಕು ಜನರೆದುರು ಬಾಯಿ ಬಾರದ ನನಗೆ ಆ ಒಂದು ಮಾತು ಎಷ್ಟು ಸರಾಗವಾಗಿ ಬಂತು ನೋಡಿ. ಅವರು ಕೊಟ್ಟರು, ಮಕ್ಕಳು ಚಪ್ಪಾಳೆ ತಟ್ಟಿದವು. ಗಾನವಿ ಮಾತ್ರ ತಟ್ಟಲಿಲ್ಲ. ನಾನು ಬಾಗಿಲ ಹತ್ತಿರ ಗೋಡೆಗೊರಗಿ ನಿಂತೆ. ನಿಲ್ಲುವ ಜಾಗ ಹುಡುಕುವುದರಲ್ಲಿ ನನ್ನಷ್ಟು ಚುರುಕಾದವರು ಇಲ್ಲ.

ಮನೆಗೆ ನಡೆದು ಬರುವಾಗ ಅವಳು ಕೇಳಿದಳು, “ಮುತ್ತೈದೆ ಅಂದ್ರೇನಜ್ಜಿ?”

ಹೇಳಿದೆ. ತಾತ ಇಲ್ಲವಲ್ಲ, ಅದಕ್ಕೆ ಅಂದೆ.

“ಚೀನಾದಲ್ಲೂ ಹಂಗೇನಾ?” ಅಂದಳು.

“ಗೊತ್ತಿಲ್ಲ ಮಗು.”

“ಮತ್ತೆ ಅದನ್ನ ಚಾರ್ಟಲ್ಲಿ ಬರೀಲೇ ಇಲ್ವಲ್ಲ ನಾವು” ಅಂದಳು, ಒಂದು ಮಾರ್ಕು ಕಳೆದುಕೊಂಡವಳ ಹಾಗೆ.

ನಿಜ, ಬರೆದಿರಲಿಲ್ಲ. ಅಲ್ಲಿ ಗಂಡನಿಲ್ಲದವಳನ್ನು ಎಲ್ಲಿ ನಿಲ್ಲಿಸುತ್ತಾರೋ ನನಗೆ ಇವತ್ತಿಗೂ ತಿಳಿಯದು. ಅಲ್ಲೂ ಒಂದು ಮೂಲೆ ಇರಬಹುದು. ಮಕ್ಕಳ ಚಾರ್ಟಿನಲ್ಲಿ ಯಾವ ದೇಶದವರೂ ಮೂಲೆಯ ಚಿತ್ರ ಬರೆಯುವುದಿಲ್ಲ.

ನನಗೆ ಇದನ್ನು ಕಲಿಸಿದವರು ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಕಲಿಸಿದವಳು ನನ್ನ ಒಡಹುಟ್ಟಿದ ನಾಗಕ್ಕ. ನಿಮ್ಮ ತಾತ ಹೋದ ಮೇಲೆ ಒಂದು ತಿಂಗಳು ದಿನಾ ಪಕ್ಕದಲ್ಲಿ ಕೂತು, ನನ್ನ ತಲೆ ನೇವರಿಸುತ್ತ ಹೇಳಿದಳು: “ಯಾರಾದ್ರೂ ಸರ್ಕೋ ಅನ್ನೋಕ್ ಮುಂಚೆ ನೀನೇ ಸರ್ಕೊಂಡ್ಬಿಡು ಕಣೇ. ಮರ್ಯಾದೆ ನಿನ್ನ ಹತ್ರಾನೇ ಉಳಿಯುತ್ತೆ.” ನಿಮ್ಮಪ್ಪನ ಮದುವೆಯಲ್ಲಿ, ಗಂಡಿನ ತಾಯಿ ನಾನು, ಛತ್ರದ ಉಗ್ರಾಣದಲ್ಲಿ ಕೂತು ಎಲೆ ಅಡಿಕೆ ಜೋಡಿಸಿದೆ. ಎಷ್ಟು ತಿಳಿವಳಿಕೆಯ ಹೆಂಗಸು ಎಂದು ಬೀಗರೆಲ್ಲ ಹೊಗಳಿದರು. ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಹಣೆತುಂಬ ವಿಭೂತಿ ಹಚ್ಚಿ ಹೇಳುವ ಮನೆತನ ನಮ್ಮದು. ವಿಭೂತಿಗೆ ಯಾವ ಭೇದವೂ ಇಲ್ಲ, ನಾನೂ ಹಚ್ಚಿಕೊಳ್ಳುತ್ತೇನೆ. ಭೇದವೆಲ್ಲ ಕೆಂಪಿಗೆ. ಹೊಗಳಿಸಿಕೊಂಡ ಹೆಂಗಸು ಅಲ್ಲಿಂದ ಮುಂದೆ ಸರಿಯುತ್ತಲೇ ಹೋದಳು. ನಿಮ್ಮಿಬ್ಬರ ನಾಮಕರಣದಲ್ಲೂ ಸರಿದಳು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ನನ್ನ ನೋವಿಗೆ ಕಾಗದ ಖರ್ಚು ಮಾಡುವ ಅಭ್ಯಾಸ ನನಗಿಲ್ಲ.

ಆಮೇಲೆ ವರಮಹಾಲಕ್ಷ್ಮಿ ಹಬ್ಬ ಬಂತು. ಸಂಜೆ ಶ್ರುತಿ ಹೆಂಗಸರಿಗೆ ತಾಂಬೂಲ ಕೊಡುತ್ತಿದ್ದಳು, ಗಾನವಿ ರೇಷ್ಮೆ ಲಂಗ ಉಟ್ಟು ಕುಂಕುಮದ ತಟ್ಟೆ ಹಿಡಿದಿದ್ದಳು. ಮಹಡಿ ಮನೆಯ ಸರೋಜಮ್ಮ ಬಂದರು. ಅವರ ಯಜಮಾನರು ಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ. ಶ್ರುತಿಯೇ ಹತ್ತಿ ಹೋಗಿ, “ಬರ್ಲೇಬೇಕು ಆಂಟಿ, ಆ ಕಾಲ ಎಲ್ಲ ಹೋಯ್ತು” ಎಂದು ಕರೆದುಬಂದಿದ್ದಳು. ಅವರು ನಾಚಿಕೊಂಡೇ ಬಂದು ಕೂತರು, ನಾಚಿಕೊಂಡೇ ತಟ್ಟೆಯ ಕಡೆ ಕೈ ಚಾಚಿದರು.

ಗಾನವಿ, ನೀನು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ. ಅವರಿಗೆ ಬೇಸರವಾಗಬಾರದೆಂದು ಎಷ್ಟು ಮೆತ್ತಗೆ ಹೇಳಿದೆ! “ಸರೋಜಜ್ಜಿ, ನಿಮಗೆ ಬೇಡ ಅಲ್ವಾ? ನಮ್ಮಜ್ಜಿಗೂ ಬೇಡ. ನೀವಿಬ್ರೂ ಅಲ್ಲಿ ಕೂತ್ಕೊಳ್ಳಿ.” ಹೇಳಿ, ಅಡಿಗೆಮನೆ ಬಾಗಿಲ ಪಕ್ಕದ ನನ್ನ ಕುರ್ಚಿಯ ಜೊತೆಗೆ ಇನ್ನೊಂದು ಕುರ್ಚಿಯನ್ನು ನೀನೇ ಎಳೆದು ಹಾಕಿದೆ.

ಸರೋಜಮ್ಮ ಅರ್ಧ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಶ್ರುತಿಯ ಮುಖ ಕಪ್ಪಿಟ್ಟಿತು. “ಗಾನವೀ, ಯಾರೇ ಹೇಳ್ಕೊಟ್ರು ನಿಂಗೆ ಇದನ್ನ?” ಎಂದು ಗದರಿದಳು. ನೀನು ನನ್ನ ಕಡೆ ನೋಡಿದೆ. ನಾನು ಆಗ ಬಾಯಿ ಬಿಡಬೇಕಿತ್ತು. ಎದ್ದು ಬಂದು, ತಟ್ಟೆ ತೆಗೆದುಕೊಂಡು, ಮೊದಲು ಸರೋಜಮ್ಮನಿಗೆ, ಆಮೇಲೆ ನನಗೆ ಕುಂಕುಮ ಕೊಡಬೇಕಿತ್ತು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಬೈಗುಳ ತಿಂದವಳು ನೀನು. ಸರೋಜಮ್ಮ ಕಾಫಿಗೂ ಕಾಯದೆ ಮಹಡಿ ಹತ್ತಿದರು. ಆಮೇಲೆ ನಮ್ಮ ಮನೆಯ ಯಾವ ಹಬ್ಬಕ್ಕೂ ಅವರು ಬಂದಿಲ್ಲ.

ಯಾವ ಶಾಲೆಯೂ ಇಷ್ಟು ಬೇಗ ಒಂದು ಪಾಠ ಕಲಿಸಿದ್ದನ್ನು ನಾನು ಕಂಡಿಲ್ಲ. ನಾಗಕ್ಕ ನನಗೆ ಕಲಿಸಲು ಒಂದು ತಿಂಗಳು ತಲೆ ನೇವರಿಸಬೇಕಾಯಿತು. ನಾನು ನಿನಗೆ ಒಂದೇ ಬೆಳಿಗ್ಗೆ ಕಲಿಸಿದೆ, ಅದೂ ಚಪ್ಪಾಳೆಯ ನಡುವೆ.

ಮಕ್ಕಳೇ, ಯಾವುದಾದರೂ ಶುಭದ ದಿನ ಒಬ್ಬ ಹೆಂಗಸು ತಾನಾಗಿ ಹಿಂದೆ ಸರಿದು, ನನಗೆ ಇಲ್ಲೇ ಹಿತ ಎಂದರೆ ನಂಬಬೇಡಿ. ಕೈ ಹಿಡಿದು ಎಳೆಯಿರಿ. ನಾನು ಹೇಳಿದರೂ ನಂಬಬೇಡಿ, ನಾನು ಬಹಳ ಚೆನ್ನಾಗಿ ಸುಳ್ಳು ಹೇಳುತ್ತೇನೆ. ಗಾನವಿ, ತಪ್ಪು ನಿನ್ನದಲ್ಲವೆಂದು ನಿಮ್ಮಮ್ಮನಿಗೂ ಈ ಹಾಳೆ ತೋರಿಸು. ಸರೋಜಮ್ಮನಿಗೆ ನಾನೇ ಹೋಗಿ ಹೇಳಬೇಕು. ಮೆಟ್ಟಿಲ ತನಕ ಎರಡು ಸಲ ಹೋಗಿ ಬಂದಿದ್ದೇನೆ.

ಈ ಹಾಳೆಗಳನ್ನು ಕಳೆಯಬೇಡಿ. ನಿಮ್ಮ ಮಾರ್ಕ್ಸ್ ಕಾರ್ಡು, ಲಸಿಕೆಯ ಚೀಟಿಗಳ ಜೊತೆ ಫೈಲಿನಲ್ಲಿಡಿ. ಅಜ್ಜಿ ಬರೆದದ್ದೆಂದು ದೇವರ ಗೂಡಿನಲ್ಲಿ ಮಾತ್ರ ಇಡಬೇಡಿ. ಅಲ್ಲಿಟ್ಟರೆ ದಿನಾ ಕೈ ಮುಗಿಯುತ್ತೀರಿ, ತೆರೆದು ಓದುವುದಿಲ್ಲ.