ಹೆಣದ ಮುಂದಿನ ಆಹೇರಿ

ಸೇಡಂನ ಬಟ್ಟೆ ವ್ಯಾಪಾರಿ ದಿಲೀಪ ಯಾರನ್ನು ಕಂಡರೂ ಮೊದಲು ಮನಸ್ಸಿನಲ್ಲೇ ಗಜಕೋಲು ಹಿಡಿದು ಅಳೆಯುವವನು. ನಾಟಕದ ಚಂದ್ರಕಲಾ ಅಂಗಡಿಯ ಮೆಟ್ಟಿಲೇರಿದಾಗಲೂ ಹಾಗೇ ಮಾಡಿದ. ಎತ್ತರ ಸಾಧಾರಣ. ಬಣ್ಣ ಗಟ್ಟಿ, ಬಿಸಿಲಿಗೆ ಬಿಡುವಂಥದ್ದಲ್ಲ. ವಯಸ್ಸು ನಲವತ್ತರ ಆಸುಪಾಸು, ಅಂಚು ಸ್ವಲ್ಪ ಸವೆದಿದೆ. ದನಿ ಮಾತ್ರ ಅಸಲಿ ಮಾಲು. ಶಹಾಬಾದಿನಲ್ಲಿ ಮಾತಾಡಿದರೆ ವಾಡಿ ಜಂಕ್ಷನ್ನಿಗೆ ಕೇಳಬೇಕು.

ಶಹಾಬಾದಿನ ಫರಸಿ ಕಲ್ಲಿನ ಓಣಿಯಲ್ಲಿ ಹುಟ್ಟಿದವಳು. ತಾಯಿ ಅಂಬುಬಾಯಿ ನಾಟಕ ಕಂಪನಿಯಲ್ಲಿದ್ದಳು. ಕಂಪನಿ ಮುಚ್ಚಿದ ಮೇಲೆ ಮಗಳ ಪಾಲಿಗೆ ಉಳಿದದ್ದು ಬಣ್ಣದ ಟ್ರಂಕು. ಈ ಸೀಮೆಯ ಹಳ್ಳಿಗಳಲ್ಲಿ ನಾಟಕವಾಡುವವರು ಊರ ಗಂಡಸರೇ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಚಿತ್ತಾಪುರ, ಮುಧೋಳ, ಚಿಂಚೋಳಿ, ಕರೆದಲ್ಲಿಗೆ ಅವಳು ಬಸ್ಸು ಹತ್ತಿ ಹೋಗುತ್ತಿದ್ದಳು. ಹೀರೋ ಮಾತು ಮರೆತು ಕಣ್ಣು ಬಿಟ್ಟರೆ, "ನೀವು ಏನು ಹೇಳಾಕತ್ತೀರಿ ಅಂತ ನನಗ ಗೊತ್ತದ" ಎಂದು ಅವನ ಮಾತನ್ನೂ ತಾನೇ ಆಡಿ ಮುಗಿಸುವಳು. ಚಪ್ಪಾಳೆ ಹೀರೋನಿಗೆ.

ಅಂದು ಅವಳು ಕೇಳಿದ್ದು ಬಿಳಿ ಸೀರೆ.

"ಮಳಖೇಡದಾಗ ನಾಟಕ ಅದರಿ ಸಾವಕಾರ್ರ. ಚಿಂಚೋಳಿ ಅಡವ್ಯಾಗ ಸಿನಿಮಾ ತೆಗೆಯೋ ಡೈರೆಕ್ಟರ್ ನೋಡಲಿಕ್ಕ ಬರಾಕತ್ತಾರ. ತಾಯಿ ಪಾತ್ರಕ್ಕ ಹುಡುಕಾಕತ್ತಾರಂತ."

"ಹಂಗಾದ್ರ ಜರತಾರಿ ಒಯ್ಯಿರಿ ಬಾಯಾರ. ಬಿಳಿದ್ರಾಗ ಏನು ಕಾಣಸ್ತದ?"

"ಮಾರಿ ಕಾಣಸ್ತದರಿ. ಕಡೀ ಸೀನಿನ್ಯಾಗ ಮಗನ ಹೆಣದ ಮುಂದ ಸುಮ್ಮ ಕುಂದರೋದು. ಮಾತಿಲ್ಲ. ಆ ಹೊತ್ತಿಗೆ ಆಹೇರಿ ಕೂಗದಂಗ ನೋಡಿಕೊಳ್ರಿ. ಅಷ್ಟು ಮಾಡ್ರಿ, ಸಾಕು."

ಆಹೇರಿ ಎಂದರೆ ನಾಟಕದ ನಡುವೆ ಮೆಚ್ಚಿ ಕೊಡುವ ಉಡುಗೊರೆ. ಅದಕ್ಕಾಗಿ ಆಟ ನಿಲ್ಲುತ್ತದೆ, ಕೊಟ್ಟವರ ಹೆಸರು ಮೈಕಿನಲ್ಲಿ ಮೊಳಗುತ್ತದೆ, ಪಡೆದವರು ಮುಂದೆ ಬಂದು ಕೈಮುಗಿಯಬೇಕು. ಆ ನಾಟಕಕ್ಕೆ ಪರದೆ, ಪೆಂಡಾಲು ಎಲ್ಲ ದಿಲೀಪನದೇ. ಮೈಕಿನವನು ಅವನ ಕಣ್ಸನ್ನೆ ಕಾಯುವವನು. "ಹೂಂ, ಆತು ಬಿಡ್ರಿ" ಎಂದ ದಿಲೀಪ.

ಮಳಖೇಡದಲ್ಲಿ ಎರಡನೇ ಅಂಕಕ್ಕೆ ದಿಲೀಪನ ಎದುರಂಗಡಿಯ ಅಂಬರಾಯ ಹೀರೋನಿಗೆ ಸಫಾರಿ ಬಟ್ಟೆ ಕೊಟ್ಟು ಹೆಸರು ಕೂಗಿಸಿಕೊಂಡ. ಗದ್ದಲದಲ್ಲಿ ಅರ್ಧ ಜನಕ್ಕೆ ಕೇಳಿಸಲಿಲ್ಲ. ದಿಲೀಪನ ಹೊಟ್ಟೆ ಮಾತ್ರ ಪೂರ್ತಿ ಉರಿಯಿತು.

ಕೊನೆಯ ದೃಶ್ಯ ಬಂತು. ಚಂದ್ರಕಲಾ ಹೆಣದ ಮುಂದೆ ಕೂತಳು. ಮಗನ ಅಂಗಿಯ ಗುಂಡಿ ಬಿಚ್ಚಿದ್ದನ್ನು ಕಂಡು, ಚಳಿಯಾದೀತೆಂಬಂತೆ ಹಾಕಿದಳು. ಶೇಂಗಾ ಮಾರುವವನೂ ಸುಮ್ಮನಾದ. ಇಷ್ಟು ಕಿವಿಗಳು ಹೀಗೆ ಖಾಲಿಯಾಗಿ ಮತ್ತೆಂದು ಸಿಗಬೇಕು? ಮೈಕಿನವನ ಕಡೆ ಕೈ ತಾನಾಗಿ ಮೇಲೆದ್ದಿತು ಎಂದು ದಿಲೀಪ ಆಮೇಲೆ ಸಮಾಧಾನ ಹೇಳಿಕೊಂಡ. ಎತ್ತಿದವನು ಅವನೇ.

"ಚಂದ್ರಕಲಾ ಅವರ ಅಭಿನಯ ಮೆಚ್ಚಿ, ಸೇಡಂನ ದಿಲೀಪ ಸಾವಕಾರರಿಂದ ಒಂದು ಜರತಾರಿ ಸೀರೆ," ಎಂದಿತು ಮೈಕು.

ಹೆಣವಾಗಿದ್ದ ಬಸವಲಿಂಗ ಎದ್ದು ಕೂತು ಚಪ್ಪಾಳೆ ತಟ್ಟಿದ. ಜನ ಬಿದ್ದು ಬಿದ್ದು ನಕ್ಕರು. ಅವಳು ಮುಂದೆ ಬಂದು ಸೀರೆ ಹಿಡಿದು ಕೈಮುಗಿದಳು, ಮತ್ತೆ ಹೋಗಿ ಕೂತಳು. ನಗು ನಿಲ್ಲಲಿಲ್ಲ. ಡೈರೆಕ್ಟರೂ ನಗುತ್ತಲೇ ಎದ್ದು ಹೋದ.

ಸಿನಿಮಾದ ತಾಯಿಯ ಪಾತ್ರ ಬೇರೆ ಯಾರಿಗೋ ಆಯಿತು. ಚಂದ್ರಕಲಾಳಿಗೆ ಸಿಕ್ಕಿದ್ದು ಬಾವಿಯಲ್ಲಿ ನೀರು ಸೇದುವ ಹೆಂಗಸರ ಗುಂಪಿನಲ್ಲೊಂದು ಜಾಗ, ಅದೂ ಕ್ಯಾಮೆರಾಕ್ಕೆ ಬೆನ್ನು ಮಾಡಿ. ಸಿನಿಮಾ ಬಂದಾಗ ದಿಲೀಪ ಹೆಂಡತಿ ಸುಮಂಗಲಾಳೊಂದಿಗೆ ಹೋಗಿ, ಪರದೆಯ ಮೂಲೆಮೂಲೆ ತಡಕಾಡಿದ.

"ಯಾರಿಗಿ ಹುಡುಕಾಕತ್ತೀರಿ?" ಎಂದಳು ಸುಮಂಗಲಾ.

"ಒಂದು ಬೆನ್ನ."

"ಭಾಳ ಛಂದಾತು. ಮಾರಿ ಎಲ್ಲಾ ನೋಡಿ ಮುಗದ್ವೇನು?"

ಅವನಿಗೆ ನಗು ಬರಲಿಲ್ಲ.

ಮುಂದೊಮ್ಮೆ ಚಂದ್ರಕಲಾ ಲೈನಿಂಗ್ ಬಟ್ಟೆಗೆಂದು ಬಂದಾಗ, ಅವಳು ಕೇಳದಿದ್ದರೂ ಅವನು ರೇಷ್ಮೆ ಸೀರೆಗಳನ್ನು ಹರಡಿದ.

"ಸೀರಿ ಬ್ಯಾಡ್ರಿ ಸಾವಕಾರ್ರ. ನೀವು ಕೊಟ್ಟಿದ್ದು ಇನ್ನಾ ಘಡಿ ಬಿಚ್ಚಿಲ್ಲ."

"ಸಿಟ್ಟದೇನ್ರಿ ಬಾಯಾರ?"

"ಸಿಟ್ಟ್ಯಾಕ? ಸಿನಿಮಾದಾಗ ನನ್ನ ಬೆನ್ನ ಛಂದ ಬಂದದ ಅಂತಾರ ಮಂದಿ."

ಚಿತ್ತಾಪುರದಲ್ಲಿ ನಾಟಕವಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಟ್ರಂಕು ಎತ್ತಿಕೊಂಡು ಇಳಿದಳು. ದಿಲೀಪ ಹರಡಿದ ಸೀರೆಗಳನ್ನು ಮಡಚಲಿಲ್ಲ, ಅವಳು ಮೂಲೆ ತಿರುಗುವವರೆಗೂ ಅವಳ ಬೆನ್ನನ್ನೇ ನೋಡುತ್ತ ನಿಂತ.

ಒಂದು ದೃಶ್ಯ, ಮೊದಲಿನಿಂದ ಕೊನೆಯವರೆಗೆ, ನಡುವೆ ಯಾರ ಹೆಸರೂ ಕೂಗದೆ: ದಿಲೀಪ ಅವಳಿಗೆ ಕೊಡಬೇಕಾದದ್ದು ಅದು. ಇನ್ನೂ ಕೊಟ್ಟಿಲ್ಲ.